ಮಸುಕು ಮಾನಿಟರು

ಮಸ್ಕಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಖೋಲಿ ಮಾವನವರದು, ಮೊದಲು ಅಲ್ಲಿ ಬೀಜದ ಭತ್ತದ ಚೀಲಗಳಿದ್ದವು. "ಒಂದ್ ವರ್ಷ ನೋಡೋಣ. ಮಂದಿ ಬರಲಿಲ್ಲಂದ್ರ ಚೀಲ ಮತ್ತ ಒಳಗ ಬರ್ತಾವ" ಎಂದು ಮೊದಲೇ ಹೇಳಿ ಕೊಟ್ಟಿದ್ದರು. ಆದರೆ ಮರುದಿನದಿಂದಲೇ ದೇವರ ಪೂಜೆ ಮುಗಿಸಿ ಬಂದು ಮಾನಿಟರಿಗೂ ಒದ್ದೆ ವಿಭೂತಿಯ ಮೂರು ಗೆರೆ ಎಳೆಯತೊಡಗಿದರು. ಅದಕ್ಕೆ ಹಣೆ ಎಲ್ಲಿಯದು, ಪರದೆಯ ನಟ್ಟನಡುವೆಯೇ ಎಳೆಯುತ್ತಿದ್ದರು. ಅವರು ಹೊಲಕ್ಕೆ ಹೋದ ಮೇಲೆ ನಾನು ಸೆರಗಿನಿಂದ ಒರೆಸಿ ಕೆಲಸಕ್ಕೆ ಕೂಡುತ್ತಿದ್ದೆ. ಎದುರಿಗೇ ಒರೆಸುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳಲ್ಲಿ ಅಕ್ಷರಗಳು ಮಬ್ಬಾದವು. ಬಳಗಾನೂರಿನವರೊಬ್ಬರ ಪತ್ರಿಕೆಯಲ್ಲಿ 'ವಧು' ಹೋಗಿ 'ವದು' ಅಚ್ಚಾಯಿತು. ಬೆರಳು ತಪ್ಪಿದ್ದು ನಿಜ, ಆದರೆ ಅಕ್ಷರದ ಹೊಟ್ಟೆ ಸೀಳಿಲ್ಲ ಎಂಬುದು ಆ ಮಬ್ಬಿನಲ್ಲಿ ಕಂಡಿರಲಿಲ್ಲ. ಹುಡುಗಿಯ ತಂದೆ ಬೈಯಲಿಲ್ಲ. ಸಣ್ಣ ಮಗಳ ಪತ್ರಿಕೆ ಲಿಂಗಸುಗೂರಿನಲ್ಲಿ ಮಾಡಿಸುತ್ತೇನೆ ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಚೀಲಗಳು ಬಾಗಿಲಿಗೆ ಬಂದು ನಿಂತ ಹಾಗಾಯಿತು.

ಸಿಂಧನೂರಿನ ರಿಪೇರಿಯವರಿಗೆ ಫೋನ್ ಮಾಡಿದೆ. ಕೇಬಲ್ಲಿನ ತಿರುಪು ಎರಡೂ ತುದಿಗೆ ಬಿಗಿ ಮಾಡಲು ಹೇಳಿದರು, ಮಾಡಿದೆ. ರೆಸಲ್ಯೂಷನ್ ಬದಲಾಗಿದೆಯೇನು ನೋಡಲು ಹೇಳಿದರು, ಸರಿಯಾಗಿಯೇ ಇತ್ತು. ಕೊನೆಗೆ ಅವರಲ್ಲಿದ್ದ ಹಳೆಯ ಮಾನಿಟರನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಕ್ಷರ ಸ್ವಚ್ಛ ಕಂಡವು. ಕೆಲವು ವಾರಕ್ಕೆ ಅದೂ ಮಬ್ಬಾಯಿತು.

"ನಿಮ್ಮ ಮನ್ಯಾಗ ಅದಕ್ಕ ಏನ್ ಮಾಡ್ತೀರ್ರೀ ಅಕ್ಕಾರ?" ಎಂದರು ರಿಪೇರಿಯವರು. ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಎಂದಿನಂತೆ ಒರೆಸಿ, ಸ್ವಿಚ್ ಹಾಕುವ ಮೊದಲು, ಬಾಗಿಲ ಬಿಸಿಲಿನಲ್ಲಿ ಪರದೆಯನ್ನು ಸರಿಯಾಗಿ ನೋಡಿದೆ. ಅದರ ತುಂಬ ಬಿಳಿ ಪುಡಿ, ನನ್ನ ಸೆರಗು ಸುತ್ತಿದ ಹಾಗೆಯೇ ಸುತ್ತುಸುತ್ತಾಗಿ ಕೂತಿತ್ತು. ಗೆರೆ ಮಾವನವರದು, ಅದನ್ನು ಮೂಲೆ ಮೂಲೆಗೆ ಮೆತ್ತಿದವಳು ನಾನು.

ಆಮೇಲೆ ಒದ್ದೆ ಬಟ್ಟೆ ಬಚ್ಚಿಟ್ಟುಕೊಂಡು, ಅವರು ಹೋದ ಮೇಲೆ ಕದ್ದು ಒರೆಸತೊಡಗಿದೆ. ಅಕ್ಷರಗಳು ನೆಟ್ಟಗಾದವು. ಮಾವನವರಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಖೋಲಿ ಹೋದೀತೆಂಬ ಹೆದರಿಕೆ.

ಒಂದು ದಿನ ಅವರು ಬೆರಳಿನ ವಿಭೂತಿ ಹಾಗೇ ಹಿಡಿದು ನಿಂತರು. "ನೀ ಒರಸೋದು ಮೊದಲನೇ ದಿನಾನ ಓಣ್ಯಾಗಿಂದ ನೋಡೀನಿ ಯವ್ವಾ. ನೀನಾ ಹೇಳ್ತಿ ಅಂತ ಹಾದಿ ನೋಡಾಕತ್ತಿದ್ದೆ" ಎಂದರು. ಆಮೇಲೆ ಮಾನಿಟರಿನ ಬೆನ್ನಿನ ಕಡೆ ಬಗ್ಗಿ, "ಹಿಂದ ಹಚ್ಚಿದ್ರ ನಡಿತೈತೇನು?" ಎಂದು ಕೇಳಿದರು.

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ನಾಚಿಕೆಯಾಯಿತು, ಖುಷಿಯೂ ಆಯಿತು.

"ಹಚ್ರೀ ಮಾವಾರ" ಎಂದೆ. "ಗಾಳಿ ಆಡೋ ತೂತು ಬಿಟ್ಟು ಹಚ್ರೀ."