ತೆರಕಣಾಂಬಿಯಲ್ಲಿ ನನ್ನ ಮೊಮ್ಮಗಳ ಮೊದಲ ಮಾತು

ಮೈಮೇಲೆ ದೇವರು ಬಂತು, ಸತ್ತವರು ಮಾತಾಡಿದರು ಅಂತ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ ಇಂಥದ್ದನ್ನೆಲ್ಲ ನಂಬಿದವಳಲ್ಲ. ಆದ್ದರಿಂದ ಇದನ್ನು ನೀವು ನಂಬದಿದ್ದರೂ ನನಗೆ ಬೇಜಾರಿಲ್ಲ. ಮೊಮ್ಮಗಳ ವಿಷಯ, ಹೇಳದೆ ಇರೋಕೆ ಆಗಲ್ಲ, ಅಷ್ಟೆ.

ಆಗಿನ್ನೂ ಚಾಮರಾಜನಗರ ಜಿಲ್ಲೆ ಆಗಿರಲಿಲ್ಲ. ನನ್ನ ಮೊಮ್ಮಗಳು ಸವಿತಾಗೆ ನಾಲ್ಕು ತುಂಬಿದ್ದರೂ "ಅವ್ವ" ಅಂತಲೂ ಅಂದಿರಲಿಲ್ಲ. ನಮ್ಮ ಚಂದಕವಾಡಿಯ ಹೆಂಗಸರು, "ಏನಮ್ಮಿ, ನಿನ್ ಮೊಮ್ಮಗಳು ಮಾತಾಡಕ್ಕೆ ಮುಹೂರ್ತ ನೋಡ್ತಾವಳಾ?" ಅಂತ ಆಡಿಕೊಳ್ಳುತ್ತಿದ್ದರು.

ತೆರಕಣಾಂಬಿಯಲ್ಲಿ ನನ್ನ ಗೆಳತಿ ದೇವಮ್ಮ ಇದ್ದಳು. ಅವಳ ಒಬ್ಬನೇ ಮಗ ಮಾದೇಶ ಲಾರಿ ಡ್ರೈವರು. ಘಾಟಿಯಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಮಣ್ಣು ಮಾಡಿದಾಗಿನಿಂದ ದೇವಮ್ಮ ಅನ್ನ ಮುಟ್ಟಿಲ್ಲ, ಹೀಗಾದರೆ ಅವಳೂ ಉಳಿಯಲ್ಲ ಅಂತ ಸುದ್ದಿ ಬಂತು. ಸವಿತಾಳನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮಗು ಆ ಊರನ್ನಾಗಲಿ, ಮಾದೇಶನನ್ನಾಗಲಿ ಕಂಡದ್ದೇ ಇಲ್ಲ.

ದೇವಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರೂ ಇಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಸೋತಿದ್ದರು. ನಾನೂ ತಟ್ಟೆ ಹಿಡಿದು, "ಒಂದು ತುತ್ತು ಉಣ್ಣಮ್ಮಿ, ನೀನೂ ಹೋದ್ರೆ ಅವ ಬಂದಾನಾ?" ಅಂದೆ. ತಿರುಗಿಯೂ ನೋಡಲಿಲ್ಲ.

ಸಾಯಂಕಾಲದ ಬಸ್ಸಿಗೆ ಹೊರಟೆ. ಸಾವಿನ ಮನೆಯಲ್ಲಿ "ಬತ್ತೀನಿ" ಅಂತ ಹೇಳಿ ಹೊರಡುವ ಹಾಗಿಲ್ಲ, ಸುಮ್ಮನೆ ಎದ್ದು ಬರಬೇಕು. ಹಾಗೇ ಎದ್ದೆ. ಹೊಸಿಲ ಹತ್ತಿರ ಸವಿತಾ ಕೈ ಬಿಡಿಸಿಕೊಂಡು ದೇವಮ್ಮನ ಕಡೆ ತಿರುಗಿದಳು.

"ಬತ್ತೀನಿ ಕಣವ್ವೋ. ಉಂಡ್ಕಂಡು ಮನಿಕ. ನಾ ಬರಗಂಟ ಕಾಯ್ಬ್ಯಾಡ."

ಒಂದು ತೊದಲಿಲ್ಲ, ತಡವರಿಕೆ ಇಲ್ಲ. ನನ್ನ ಮೊಮ್ಮಗಳ ಬಾಯಿಂದ ಮಾತು!

ದೇವಮ್ಮನ ನಾದಿನಿ, "ಅಯ್ಯೋ, ಬಾಯ್ಮುಚ್ಚಮ್ಮಿ! ಈ ಮನೇಲಿ ಅಂಗನ್ಬಾರ್ದು" ಅಂತ ಗದರಿದಳು. ದೇವಮ್ಮ ದಡಕ್ಕನೆ ಎದ್ದು ನಿಂತಳು.

"ಬೈಬ್ಯಾಡಿ ಕಣ್ರವ್ವ. ಲಾರಿ ಹತ್ತೋ ಮುಂಚೆ ನನ್ ಮಗ ದಿನಾ ಇಂಗೇ ಅಂತಿದ್ದ."

ಸವಿತಾಳನ್ನು ತಬ್ಬಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಅತ್ತು ಅತ್ತು ಸಾಕಾದ ಮೇಲೆ, "ಉಣ್ಣಕ್ಕೆ ಏನೈತೆ, ಇಕ್ಕಿ" ಅಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ "ಇನ್ನೊಂದ್ಸಲ ಅನ್ನು ಚಿನ್ನ" ಅಂತ ಗೋಗರೆದೆ. ಮಗು ತುಟಿ ಬಿಚ್ಚಲಿಲ್ಲ. ಸುಗ್ಗಿ ಕಳೆದ ಮೇಲೆಯೇ ಅವಳು ಎಲ್ಲ ಮಕ್ಕಳ ಹಾಗೆ ಅವ್ವ, ಆಲು ಅಂತ ತೊದಲಲು ಶುರುಮಾಡಿದ್ದು. ಈಗ ಕೇಳಿದರೆ, "ನಂಗೇನೂ ನೆಪ್ಪಿಲ್ಲ ಕಣಜ್ಜಿ" ಅಂತಾಳೆ.

ಆ ಮಾತು ಅವಳಿಗೆ ಎಲ್ಲಿಂದ ಬಂತು? ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಜನ ದೊಡ್ಡವರು ಸೇರಿ ಎಬ್ಬಿಸಲಾಗದವಳನ್ನು ನನ್ನ ಸವಿತಾ ಎಬ್ಬಿಸಿದಳು. ಅದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.