ಥರ್ಮೋಸ್ಟ್ಯಾಟಿಗೆ ಕಟ್ಟಿದ ಬಟಾಣಿ

ತಂಗಿಯ ಗಂಡನಿಗೆ ಗೋಡೆಯ ಮೇಲಿದ್ದ ಹಳೆಯ ಥರ್ಮೋಸ್ಟ್ಯಾಟ್ ಕಂಡರೆ ಆಗುತ್ತಿರಲಿಲ್ಲ. ದುಂಡಗೆ, ಹಿತ್ತಾಳೆ ಬಣ್ಣದ್ದು, ಸಣ್ಣ ಬಟ್ಟಲು ಕವುಚಿ ಹಾಕಿದ ಹಾಗಿತ್ತು. ಬಲಕ್ಕೆ ತಿರುಗಿಸಿದರೆ ಮನೆ ಬೆಚ್ಚಗಾಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ತಣ್ಣಗಾಗುತ್ತಿತ್ತು. ಗೋಡೆಯ ಮೇಲಿನ ಒಂದು ಬಿರಡೆಯಿಂದ ಮನುಷ್ಯ ಇದಕ್ಕಿಂತ ಹೆಚ್ಚಿನದನ್ನು ಯಾಕೆ ಬಯಸಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಅವನ ಆಫೀಸಿನವರೆಲ್ಲ ಹೊಸ ಬಗೆಯದನ್ನು ಹಾಕಿಸಿಕೊಂಡಿದ್ದರಂತೆ. ಯಾವ ಹೊತ್ತಿಗೆ ಎಷ್ಟು ಬಿಸಿ ಬೇಕು ಎಂದು ಮೊದಲೇ ಹೇಳಿಟ್ಟರೆ ಅದು ತಾನೇ ನೋಡಿಕೊಳ್ಳುತ್ತದಂತೆ. ಊಟಕ್ಕೆ ಕುಳಿತಾಗಲೂ ಅದೇ ಮಾತು. ತಟ್ಟೆಯಲ್ಲಿದ್ದ ಹುಳಿಯ ಕಡೆ ಗಮನವಿಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ಓದು ನನ್ನ ತಲೆಗೆ ಹತ್ತಲಿಲ್ಲ, ಅಷ್ಟೆ. ತಂಗಿ ಎಂಜಿನಿಯರಿಂಗ್ ಓದಿದಳು, ಅಂಥವನನ್ನೇ ಮದುವೆಯಾದಳು, ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಟೌನ್‌ಹೌಸ್ ಕೊಂಡಳು. ನನ್ನ ಗಂಡ ಅದೇ ದೇಶದಲ್ಲಿ, ದಕ್ಷಿಣದ ಕಡೆಯ ಷಾರ್ಲಟ್‌ನ ಒಂದು ಹೋಟೆಲಿನಲ್ಲಿ ಅಡುಗೆಯವರು. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ತಂಗಿಗೆ ಹೆರಿಗೆಯಾಯಿತು. ನಮ್ಮಮ್ಮ ಆಗಲೇ ತೀರಿಕೊಂಡಿದ್ದರು. ಬಾಣಂತನಕ್ಕೆ ನಾನೇ ಬಸ್ಸು ಹತ್ತಿ ಹೋದೆ. ಚೀಲದಲ್ಲಿ ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಒಂದು ಡಬ್ಬಿ ಅಂಟಿನುಂಡೆ. ತಲೆಯಲ್ಲಿ, ಓದಿದವರಿಗೆ ಇದರ ಗಂಧಗಾಳಿ ಇಲ್ಲ ಎಂಬ ಕೊಬ್ಬು.

ನಾನು ಹೋದ ಮೊದಲ ಭಾನುವಾರವೇ ಅವನು ಪೆಟ್ಟಿಗೆ ಬಿಚ್ಚಿದ.

‘ಅತ್ತಿಗೆ, ಒಂದ್ ಐದ್ ನಿಮಿಷ ಪವರ್ ಆಫ್ ಮಾಡ್ತೀನಿ. ಎರಡೇ ವೈರು, ತುಂಬ ಸಿಂಪಲ್ಲು.’

‘ಒಲೆ ಮೇಲೆ ಕುಕ್ಕರ್ ಇಟ್ಟಿದೀನಿ ಕಣ್ರೀ.’

‘ಒಂದು ಸೀಟಿ ಬರೋದ್ರೊಳಗೆ ಮುಗ್ದಿರುತ್ತೆ.’

ಕರೆಂಟಿನ ಒಲೆ. ಕರೆಂಟೇ ಹೋದ ಮೇಲೆ ಸೀಟಿ ಎಲ್ಲಿಂದ ಬರಬೇಕು? ಅಕ್ಕಿ ಅರೆಬೆಂದು ನೆನೆದುಕೊಂಡು ಕೂತಿತು. ಅವನು ಹಳೆಯದನ್ನು ಕಿತ್ತು, ಕೆಂಪು ವೈರು ಯಾವುದು ಬಿಳಿ ವೈರು ಯಾವುದು ಎಂದು ಕಾಗದ ನೋಡಿ ಗಟ್ಟಿಯಾಗಿ ಓದಿಕೊಂಡ. ಮತ್ತೆ ಕಾಗದ ತಿರುಗಿಸಿ ಮೊದಲಿನಿಂದ ಓದಿದ. ತಿರುಪು ಕಾರ್ಪೆಟ್ಟಿನಲ್ಲಿ ಬಿದ್ದುಹೋಗಿ ಟಾರ್ಚ್ ಹಿಡಿದು ಹುಡುಕಿದ್ದೂ ಆಯಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮನೆ ಐಸ್ ಪೆಟ್ಟಿಗೆಯಾಗಿತ್ತು. ಬಾಣಂತಿ ಎರಡು ಹಾಸಿಗೆಯ ಹೊದಿಕೆ ಹೊದ್ದು, ಕಿವಿಗೆ ಹತ್ತಿ ತುರುಕಿಕೊಂಡು, ಮಗುವನ್ನು ಎದೆಗೆ ಒತ್ತಿಕೊಂಡು ಮಹಡಿಯ ಕೋಣೆಯಲ್ಲಿ ಕೂತಿದ್ದಳು.

ಕೊನೆಗೆ ಗೋಡೆಯ ಮೇಲೆ ಚೌಕದ ಬಿಳಿ ಡಬ್ಬಿಯೊಂದು ಬೂದು ಅಂಕಿ ತೋರಿಸಿತು. ಕೆಳಗೆ ಬೇಸ್‌ಮೆಂಟಿನಲ್ಲಿ ಮನೆಗೆಲ್ಲ ಬಿಸಿಗಾಳಿ ಊದುವ ಫರ್ನೆಸ್ ಗುರ್ ಎಂದಿತು. ಚಂದ್ರನಿಗೆ ಹೋಗಿ ಬಂದವನ ಹಾಗೆ ಅವನು ನನ್ನನ್ನು ಕರೆದು ತೋರಿಸಿದ.

‘ನೋಡಿ ಅತ್ತಿಗೆ, ಒಳಗೆ ಒಂದು ಸೆನ್ಸರ್ ಇದೆ. ಅದರ ಸುತ್ತ ಗಾಳಿ ತಣ್ಣಗಾದ್ರೆ ಸಾಕು, ಮನೇನೇ ತಣ್ಣಗಾಗಿದೆ ಅಂತ ಫರ್ನೆಸ್‌ನ ಆನ್ ಮಾಡುತ್ತೆ. ಎಷ್ಟು ಇಂಟೆಲಿಜೆಂಟ್ ಅಲ್ವಾ?’

‘ಹೌದ್ರೀ, ಬಹಳ ಬುದ್ಧಿವಂತ’ ಎಂದೆ. ಯಾರ ಬಗ್ಗೆ ಹೇಳಿದೆ ಎಂದು ಅವನು ಯೋಚಿಸಲಿಲ್ಲ. ಎದುರಿಗೆ ನಾನು ಅವನಿಗೆ ಬಹುವಚನವನ್ನೇ ಬಳಸುತ್ತಿದ್ದೆ. ಏಕವಚನವೆಲ್ಲ ಮನಸ್ಸಿನೊಳಗೆ.

ಸೋಮವಾರ ಅವನು ಆಫೀಸಿಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಮನೆ ತಣ್ಣಗಾಗತೊಡಗಿತು. ಎಣ್ಣೆನೀರು ಹಾಕಿಸಿಕೊಂಡ ಬಾಣಂತಿ ನಡುಗಿದಳು. ಸಂಜೆ ಕೇಳಿದರೆ, ಅದು ಫ್ಯಾಕ್ಟರಿಯವರೇ ಕೂರಿಸಿ ಕಳಿಸಿದ ಲೆಕ್ಕವಂತೆ. ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬರುತ್ತಾರೆ, ನಡುವೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬಾಣಂತಿ, ಮಗು, ನಾನು, ಮೂವರೂ ಆ ಡಬ್ಬಿಯ ಪಾಲಿಗೆ ಇರಲೇ ಇಲ್ಲ. ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲದ ಬುದ್ಧಿವಂತನನ್ನು ನಾನು ಅದೇ ಮೊದಲು ನೋಡಿದ್ದು. ಎರಡನೆಯವನು ಅದನ್ನು ತಂದವನು.

ಅವನು ತಪ್ಪಾಯಿತೆಂದು ಆಗಲೇ ಸರಿಪಡಿಸಿದ ಎಂಬುದನ್ನೂ ಹೇಳಬೇಕು. ಇಡೀ ದಿನ ಅರವತ್ತೆಂಟಕ್ಕೆ, ನಮ್ಮೂರಿನ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿಗೆ, ಇಟ್ಟ. ನಾನು ಎಂಬತ್ತಾದರೂ ಇರಲಿ ಎಂದೆ.

‘ಬೇಡ ಅತ್ತಿಗೆ. ಮಗೂಗೆ ಓವರ್‌ಹೀಟ್ ಆಗಬಾರದು ಅಂತ ಡಾಕ್ಟರ್ ಸ್ಪೆಸಿಫಿಕ್ ಆಗಿ ಹೇಳಿದಾರೆ.’

‘ಆ ಡಾಕ್ಟರು ಎಷ್ಟು ಬಾಣಂತನ ಮಾಡಿದಾರಂತೆ?’

ತಂಗಿ ನಕ್ಕಳು. ‘ಅಕ್ಕ, ನಂಗೆ ಸಾಕಷ್ಟು ಬೆಚ್ಚಗಿದೆ. ಬಿಡೆ.’

ಮಾರನೆಯ ದಿನ ನಾನು ಗುಂಡಿ ಒತ್ತಿ ಅಂಕಿ ಏರಿಸಿದೆ. ಅವನು ಸಂಜೆ ನೋಡಿ, ಯಾವುದೋ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಅದಕ್ಕೆ ಬೀಗ ಹಾಕಿದ. ಬೀಗ ತೆಗೆಯುವುದನ್ನು ತಂಗಿಗೆ ಮಾತ್ರ ಹೇಳಿಕೊಟ್ಟ. ನನಗೆ ಮೈಯೆಲ್ಲ ಉರಿಯಿತು. ಮೈಸೂರಿನಲ್ಲಿ ನಮ್ಮಮ್ಮ ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡರೆ ನಮ್ಮಪ್ಪನೂ ಕೆಮ್ಮಿ ಒಳಗೆ ಬರಬೇಕಿತ್ತು. ಇಲ್ಲಿ ಈ ಹುಡುಗ ನನ್ನ ಬಾಣಂತನಕ್ಕೆ ಬೀಗ ಹಾಕುತ್ತಾನೆ!

ಫ್ರೀಜರಿನಲ್ಲಿ ಹಸಿರು ಬಟಾಣಿಯ ಪೊಟ್ಟಣವಿತ್ತು, ಕಲ್ಲಿನಂತೆ ಗಟ್ಟಿಯಾಗಿ. ಮರುದಿನ ಅವನು ಆಫೀಸಿಗೆ ಹೋದ ಮೇಲೆ ಅದನ್ನು ಒಂದು ಟವೆಲಿನಲ್ಲಿ ಕಟ್ಟಿ, ಪಕ್ಕದ ಕೋಟು ನೇತುಹಾಕುವ ಮೊಳೆಗೆ ಬಿಗಿದು, ಡಬ್ಬಿಗೆ ಒತ್ತಿ ನಿಲ್ಲುವಂತೆ ಇಳಿಬಿಟ್ಟೆ. ಅವನೇ ಹೇಳಿಕೊಟ್ಟ ಪಾಠ. ಸ್ವಲ್ಪ ಹೊತ್ತಿಗೆಲ್ಲ ಡಬ್ಬಿ ಹಿಮಾಲಯದಲ್ಲಿದ್ದೇನೆ ಎಂದುಕೊಂಡಿತು. ಫರ್ನೆಸ್ ನಿಲ್ಲದೆ ಉರಿಯಿತು. ಕೆಳಗಿನದಕ್ಕಿಂತ ಮಹಡಿ ಬೇಗ ಕಾಯಿತು. ನಾನು ಅಡುಗೆಮನೆಯಲ್ಲಿ ಮೆಣಸಿನ ಸಾರು ಕುದಿಸುತ್ತ ಗೆದ್ದೆ ಎಂದುಕೊಂಡೆ. ಮಧ್ಯಾಹ್ನ ಬಟಾಣಿ ಮತ್ತೆ ಫ್ರೀಜರಿಗೆ. ಅವನು ಬಂದು ‘ಯಾಕೋ ವಾರ್ಮ್ ಆಗಿದೆ’ ಎಂದರೆ ‘ಈಗ ತಾನೆ ಓವನ್ ಆರಿಸಿದೆ’ ಎನ್ನುತ್ತಿದ್ದೆ.

ಹೀಗೇ ದಿನಾ ನಡೆಯಿತು. ತಂಗಿ ಸೆಕೆ ಎನ್ನತೊಡಗಿದಳು.

‘ಅಕ್ಕ, ಒಳಗೆ ಬೇಯ್ತಾ ಇದೆ ಕಣೆ. ಸ್ಕಾರ್ಫ್ ತೆಗೀಲಾ?’

‘ತೆಗೆದ್ರೆ ಮುದುಕಿ ಆದಾಗ ತಲೆನೋವು ಅಂತ ನನ್ನ ಹತ್ರ ಬರಬೇಡ. ಬಾಣಂತಿ ಮೈ ಹಾಗೇ, ಒಳಗೆ ಕಾವಿರುತ್ತೆ.’

ಅವಳು ನನ್ನ ಮಾತು ನಂಬಿದಳು. ಓದಿದವಳು, ಡಾಕ್ಟರು ಹೇಳಿದ್ದನ್ನು ಕೇಳಿದವಳು, ಆದರೂ ನಂಬಿದಳು. ಮಗುವಿನ ಕುತ್ತಿಗೆಯ ಮಡಿಕೆಗಳಲ್ಲಿ ಕೆಂಪು ಬೊಕ್ಕೆ ಎದ್ದವು. ನಾನು ಅಕ್ಕಿ ಹಿಟ್ಟನ್ನು ಪೌಡರಿನ ಹಾಗೆ ಹಚ್ಚಿದೆ. ಆಮೇಲೊಂದು ದಿನ ಮಗು ಹಾಲು ಕುಡಿಯಲಿಲ್ಲ. ಮೈ ಕಾದ ತವೆಯಂತಿತ್ತು. ಅಳಲೂ ಇಲ್ಲ, ಸುಮ್ಮನೆ ಜೋತುಬಿದ್ದಿತ್ತು. ತಂಗಿ ಆಫೀಸಿಗೆ ಫೋನ್ ಮಾಡಿದಳು. ಅವನ ಕಾರಿನ ಸದ್ದು ಕೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಮಗುವಿನ ಹತ್ತಿರ ಓಡಿದ್ದಲ್ಲ. ಬಟಾಣಿ ಬಿಚ್ಚಿ ಫ್ರೀಜರಿಗೆ ಹಾಕಿದೆ.

ಇಬ್ಬರೂ ಮಗುವನ್ನು ಎತ್ತಿಕೊಂಡು ಹೋದರು. ನಾನು ಮನೆಯಲ್ಲಿ ದೇವರಿಗೆ ಹರಕೆ ಹೊತ್ತೆ, ಡಾಕ್ಟರನ್ನು ಬೈದೆ, ಬಟಾಣಿಯ ವಿಷಯ ಮಾತ್ರ ನೆನೆಯಲಿಲ್ಲ. ಅವರು ವಾಪಸು ಬಂದಾಗ ಮಗು ತೆಳ್ಳನೆಯ ಅಂಗಿಯೊಂದರಲ್ಲೇ ಇತ್ತು, ಹಸಿದು ಚೀರುತ್ತಿತ್ತು. ಸೋಂಕೇನೂ ಇಲ್ಲ, ವಿಪರೀತ ಶಾಖದಿಂದ ಆದದ್ದು, ಮನೆಯನ್ನು ಎಷ್ಟು ಬಿಸಿ ಇಟ್ಟಿದ್ದೀರಿ ಎಂದು ಡಾಕ್ಟರು ಗದರಿದ್ದರಂತೆ. ಅವನು ಅರವತ್ತೆಂಟು ಎಂದು ಆಣೆಯಿಟ್ಟು ಬಂದಿದ್ದ. ಈಗ ಕೋಟೂ ಬಿಚ್ಚದೆ ಡಬ್ಬಿಯ ಮುಂದೆ ನಿಂತ. ಮನೆಯ ಬಿಸಿ ಇನ್ನೂ ಎಂಬತ್ತೆರಡು ಎಂದು ಅದು ತೋರಿಸುತ್ತಿತ್ತು.

‘ನೀನೇ ಅನ್‌ಲಾಕ್ ಮಾಡಿದೀಯ’ ಎಂದ ತಂಗಿಗೆ.

‘ಇಲ್ಲಾರೀ. ನಾನು ಕೆಳಗೇ ಬಂದಿಲ್ಲ.’

‘ನಿಂಗೆ ಬಿಟ್ರೆ ಇನ್ಯಾರಿಗೆ ಗೊತ್ತು ಅದು? ಮಗು ವಿಷ್ಯದಲ್ಲಾದ್ರೂ ಸುಳ್ಳು ಹೇಳಬೇಡ.’

‘ಮಗು ಮೇಲಾಣೆ ಕಣ್ರೀ, ನಾನು...’

ಅವಳು ಅಷ್ಟಕ್ಕೇ ನಿಲ್ಲಿಸಿದಳು. ಬಾಣಂತಿಯ ಕಾಲಿಗೆ ನಾನೇ ಹಾಕಿದ್ದ ಉಣ್ಣೆಯ ಕಾಲುಚೀಲ. ಡಬ್ಬಿಯ ಕೆಳಗಿನ ಕಾರ್ಪೆಟ್ಟು ಒದ್ದೆಯಾಗಿತ್ತು. ಅವಳು ಒಂದು ಕಾಲೆತ್ತಿ ನೋಡಿಕೊಂಡಳು. ಗೋಡೆಯ ಮೇಲೆ ಇಳಿದಿದ್ದ ನೀರಿನ ಗೆರೆ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನನ್ನು ನೋಡಿದಳು.

ನಾನು ಬಾಯಿ ತೆರೆಯಬೇಕಾಗಿದ್ದುದು ಆಗ. ಸಾರು ಕಲಕಲು ತಿರುಗಿದೆ.

‘ಹೌದು, ನಾನೇ’ ಎಂದಳು ನನ್ನ ತಂಗಿ. ‘ಚಳಿ ಆಯ್ತು. ಜಾಸ್ತಿ ಮಾಡ್ದೆ. ಸಾರಿ.’

ಯಾಕೆ ಹಾಗೆ ಅಂದಳೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತವರಿನಿಂದ ಬಾಣಂತನಕ್ಕೆ ಬಂದವಳೇ ಮಗುವನ್ನು ಬೇಯಿಸಿದಳು ಎಂದು ಗಂಡನ ಬಾಯಲ್ಲಿ ಬಂದರೆ ತವರಿನ ಮರ್ಯಾದೆ ಅಲ್ಲಿಗೆ ಮುಗಿಯಿತು. ಅಮ್ಮ ಇಲ್ಲದ ತವರಿಗೆ ನಾನೊಬ್ಬಳೇ ಇದ್ದೆ. ಅದನ್ನು ಅವಳು ಉಳಿಸಿಕೊಂಡಳು. ಮಗುವಿನ ಆಣೆಯನ್ನೂ ಅವಳೇ ನುಂಗಿದಳು. ನಾನು ಅವರಿಗೆ ಅನ್ನ ಬಡಿಸಿದೆ.

ಬಾಣಂತನ ಮುಗಿಯುವವರೆಗೂ ಅವಳು ನನ್ನನ್ನು ಏನೂ ಕೇಳಲಿಲ್ಲ. ನಾನು ಕೊಟ್ಟದ್ದನ್ನು ತಿಂದಳು, ಹೇಳಿದಂತೆ ಮಲಗಿದಳು. ಕೋಣೆಯ ಕಿಟಕಿಯನ್ನು ಮಾತ್ರ ಒಂದಿಷ್ಟು ತೆರೆದೇ ಇಡುತ್ತಿದ್ದಳು.

ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ನಾವೂ ಷಾರ್ಲಟ್‌ನಿಂದ ಹೋದೆವು. ಅವನು ಸ್ನೇಹಿತರಿಗೆ ಮನೆ ತೋರಿಸುತ್ತ ಡಬ್ಬಿಯ ಮುಂದೆ ನಿಂತ. ‘ಇದಕ್ಕೆ ಲಾಕ್ ಬೇರೆ ಹಾಕಿದ್ದೆ. ಮೇಡಮ್ಮು ನಾನು ಆಫೀಸಿಗೆ ಹೋದ್ ತಕ್ಷಣ ಏರ್ಸೋದು, ಬರೋದ್ರೊಳಗೆ ಇಳ್ಸೋದು. ಕೇಳಿದ್ರೆ ಮಗು ಮೇಲೆ ಪ್ರಾಮಿಸ್! ಅದಕ್ಕೇ ಈಗ ಏನ್ ಹೇಳಿದ್ರೂ ನಾನು ಡಬಲ್ ಚೆಕ್ ಮಾಡ್ತೀನಿ.’ ಎಲ್ಲರೂ ನಕ್ಕರು. ತಂಗಿಯೂ ಕೇಕಿನ ತಟ್ಟೆ ಹಂಚುತ್ತ ನಕ್ಕಳು. ನಾನು ಅವನನ್ನು ಮನಸ್ಸಿನಲ್ಲೇ ಬೈದೆ. ಹೆಂಡತಿಯನ್ನು ನಾಲ್ಕು ಜನರೆದುರು ಸುಳ್ಳಿ ಮಾಡುವ ಗಂಡಸು ಎಂಥವನು ಎಂದು. ಅವಳನ್ನು ಸುಳ್ಳಿ ಮಾಡಿದವಳು ಅಲ್ಲೇ ಚಿತ್ರಾನ್ನ ತಿನ್ನುತ್ತಿದ್ದಳು.

ಎರಡನೆಯ ಬಸುರಿಯ ಸುದ್ದಿ ಫೋನಿನಲ್ಲಿ ಬಂತು. ನಾನು ಬರುತ್ತೇನೆಂದು ಹೇಳುವ ಮೊದಲೇ ಅವಳು, ‘ಅತ್ತೆ ಬರ್ತಾ ಇದಾರೆ ಅಕ್ಕ, ಬೆಂಗಳೂರಿಂದ’ ಎಂದಳು.

‘ನಿಮ್ಮ ಯಜಮಾನ್ರಿಗೆ ನಿಜ ಹೇಳಿಬಿಡ್ಲಾ?’ ಎಂದೆ. ಅಷ್ಟು ದಿನದಲ್ಲಿ ನಮ್ಮಿಬ್ಬರ ನಡುವೆ ಆ ಮಾತು ಬಂದದ್ದು ಅದೇ ಮೊದಲು.

‘ಈಗ ಹೇಳಿದ್ರೆ, ನಾನೇ ಮಾಡ್ದೆ ಅಂತ ನಾನು ಅಂದಿದ್ದು ಸುಳ್ಳು ಅಂತಾಗುತ್ತೆ ಅಲ್ವೇನೆ? ಆಗ ನಿಜವಾಗ್ಲೂ ಸುಳ್ಳಿ ಆಗ್ತೀನಿ. ಬಿಡು.’

ಬಿಡು ಎಂದದ್ದನ್ನು ನಾನು ಸಂತೋಷದಿಂದ ಬಿಟ್ಟೆ. ನಾನು ಇನ್ನೊಂದು ಸಲ ಕೇಳಲಿ, ಒತ್ತಾಯ ಮಾಡಲಿ ಎಂದು ಅವಳು ಕಾದಿರಬಹುದು. ಕೇಳಲಿಲ್ಲ ನಾನು.

ಹೆರಿಗೆಯಾದ ಮೇಲೆ ಅಂಟಿನುಂಡೆ ಮಾಡಿ ಪೋಸ್ಟಿನಲ್ಲಿ ಕಳಿಸಿದೆ. ತಲುಪಿತೆಂದು ಫೋನ್ ಮಾಡಿದವನು ತಂಗಿಯ ಗಂಡ. ಅವಳು ಮಲಗಿದ್ದಾಳೆ ಎಂದ. ಮನೆ ಬೆಚ್ಚಗಿದೆಯೇ ಎಂದು ಬಾಯಿ ತಪ್ಪಿ ಕೇಳಿದೆ.

‘ಪರ್ಫೆಕ್ಟ್ ಆಗಿದೆ ಅತ್ತಿಗೆ. ಈ ಸಲ ಲಾಕ್ ಚೇಂಜ್ ಮಾಡಿದೀನಿ. ತೆಗೆಯೋದು ಅಮ್ಮಂಗೆ ಹೇಳ್ಕೊಟ್ಟಿದೀನಿ. ನಿಮ್ಮ ತಂಗಿಗೆ ಹೇಳಿಲ್ಲ’ ಎಂದು ನಕ್ಕ.

‘ಒಳ್ಳೇದು ಮಾಡಿದ್ರಿ’ ಎಂದೆ ನಾನು.