ಬಾಗಿಲಾಚೆ ನಿಲ್ಲುವವನ ಕೆಲಸ

ಹದಿನಾಲ್ಕು ವರ್ಷ ನಾನು ಒಬ್ಬರೇ ಉಸ್ತಾದರ ಕೈಕೆಳಗೆ ಕೆಲಸ ಮಾಡಿದೆ. ಅವರು ಗುಬ್ಬಿಯವರು, ನಾನು ಹೆಬ್ಬೂರಿನವನು. ತುಮಕೂರಿನ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್‌ಗಳು, ಕುಣಿಗಲ್ ಕಡೆಯ ಐಸ್ ಫ್ಯಾಕ್ಟರಿ, ಹಾಲು ತಂಪು ಮಾಡುವ ಘಟಕ, ಹೀಗೆ ಅಮೋನಿಯಾ ಗ್ಯಾಸಿನಿಂದ ಓಡುವ ದೊಡ್ಡ ಯಂತ್ರ ಎಲ್ಲಿದ್ದರೂ ರಿಪೇರಿಗೆ ನಮ್ಮನ್ನು ಕರೆಯುತ್ತಿದ್ದರು. ಮನೆಯ ಫ್ರಿಜ್ಜಿನಲ್ಲಿರುವ ಗ್ಯಾಸಿನಂಥದ್ದಲ್ಲ ಇದು. ಒಂದಿಷ್ಟು ಸೋರಿದರೂ ಕಣ್ಣು ಉರಿದು ನೀರು ಸುರಿಯುತ್ತದೆ. ಹೆಚ್ಚು ಸೋರಿದರೆ ಉಸಿರೇ ಒಳಗೆ ಹೋಗುವುದಿಲ್ಲ.

ಯಾವ ಪ್ಲಾಂಟಿಗೆ ಹೋದರೂ ಉಸ್ತಾದರು ಟೂಲ್ ಬ್ಯಾಗ್ ಬಿಚ್ಚುವ ಮೊದಲು ಹಳೇ ಲುಂಗಿಯ ಒಂದು ಚೂರನ್ನು ಕಿಟಕಿ ಸರಳಿಗೆ ಕಟ್ಟುತ್ತಿದ್ದರು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಅದು ಹೇಳುತ್ತಿತ್ತು. ಗಾಳಿ ಬರುವ ದಿಕ್ಕಿಗೆ ಒಂದು ಡ್ರಮ್ ನೀರು ತುಂಬಿಸಿ, ಮೇಲೊಂದು ಚೊಂಬು ಇಡಿಸುತ್ತಿದ್ದರು. ಮೇನ್ ಸ್ವಿಚ್ ತೆಗೆದು ಬೀಗ ಹಾಕಿದ ಮೇಲೆ ಕೀಲಿ ನನ್ನ ಜೇಬಿಗೆ. ಆಮೇಲೆ ಒಬ್ಬರು ಒಳಗೆ, ಒಬ್ಬರು ಹೊರಗೆ. ಒಳಗಿದ್ದವರು ಆಗಾಗ ಸ್ಪ್ಯಾನರಿನಿಂದ ಪೈಪಿಗೆ ಎರಡು ಸಲ ತಟ್ಟಬೇಕು. ಹೊರಗಿದ್ದವನು ಬಾಗಿಲು ತಟ್ಟಿ ಓಗೊಡಬೇಕು.

"ನಾನು ಒಳಗೆ ಬಿದ್ರೂ ನೀನು ಬರ್ಬೇಡ ಕಣೋ," ಎಂದು ಮೊದಲನೇ ವರ್ಷವೇ ಹೇಳಿದ್ದರು. "ಮಾಸ್ಕ್ ಇಲ್ದೆ ಬಂದ್ರೆ ಎರಡು ಹೆಣ ಎತ್ಬೇಕಾಯ್ತದೆ. ಹೊರಗಿರೋನ ಕೆಲ್ಸ ಹೊರಗಿರೋದು."

ನಾನು ತಲೆಯಾಡಿಸಿದ್ದೆ. ಪ್ರತಿ ವರ್ಷವೂ ಹೇಳುತ್ತಿದ್ದರು, ಪ್ರತಿ ವರ್ಷವೂ ತಲೆಯಾಡಿಸುತ್ತಿದ್ದೆ.

ಮೂರು ವರ್ಷದ ಹಿಂದೆ, ಹುಣಸೆಹಣ್ಣಿನ ಸುಗ್ಗಿಯಲ್ಲಿ, ತುಮಕೂರಿನ ಹೊರಗಿನ ಒಂದು ಕೋಲ್ಡ್ ಸ್ಟೋರೇಜ್‌ನಿಂದ ಕರೆ ಬಂತು. ಚೇಂಬರಿನ ತುಂಬ ಹಣ್ಣಿನ ಮೂಟೆ. ಅಂಗಳದ ನೆರಳಲ್ಲಿ ಹತ್ತು ಹನ್ನೆರಡು ಹೆಂಗಸರು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕೂತಿದ್ದರು. ಯಂತ್ರ ಓಡುತ್ತಿತ್ತು, ಆದರೆ ತಂಪು ಸಾಲುತ್ತಿರಲಿಲ್ಲ. ಕಂಪ್ರೆಸರಿಗೆ ಹಾಕುವ ಎಣ್ಣೆ ಗ್ಯಾಸಿನ ಜೊತೆ ಸೇರಿ ಹೋಗಿ ಪ್ಲಾಂಟ್ ರೂಮಿನ ದೊಡ್ಡ ಟ್ಯಾಂಕಿನ ತಳದಲ್ಲಿ ನಿಂತಿತ್ತು. ತಳದ ವಾಲ್ವ್ ತಿರುಗಿಸಿ ಅದನ್ನು ಬಕೆಟಿಗೆ ಇಳಿಸಬೇಕು. ಕೆಲಸ ಅಷ್ಟೇ. ಆದರೆ ಆ ಎಣ್ಣೆಯ ಮೇಲೆ ಅಮೋನಿಯಾ ಕೂತಿರುತ್ತದೆ. ಅದಕ್ಕೇ ಮೊದಲು ಯಂತ್ರ ನಿಲ್ಲಿಸಿ, ಟ್ಯಾಂಕಿನ ಗ್ಯಾಸ್ ಎಳೆದು, ಗಟ್ಟಿಯಾದ ಎಣ್ಣೆ ಬೆಚ್ಚಗಾಗಿ ತೆಳುವಾಗುವ ತನಕ ಕಾಯಬೇಕು.

"ನಾಲ್ಕು ಗಂಟೆ ನಿಲ್ಲಿಸ್ಬೇಕು ಸಾರ್," ಉಸ್ತಾದರು ಮ್ಯಾನೇಜರಿಗೆ ಹೇಳಿದರು.

"ನಾಲ್ಕು ಗಂಟೆ ನಿಲ್ಸಿದ್ರೆ ಹಣ್ಣೆಲ್ಲ ಕಪ್ಪಾಗೋಯ್ತದೆ. ಒಂದು ಗಂಟೇಲಿ ಮುಗ್ಸಿಕೊಡಿ."

"ಕೈ ಬಿಟ್ರೆ ತಾನೇ ಮುಚ್ಕೊಳೋ ವಾಲ್ವ್ ಒಂದು ಹಾಕ್ಸಿ ಅಂತ ಎರಡು ವರ್ಷದಿಂದ ಹೇಳ್ತಾನೇ ಇದೀನಿ."

"ಈ ಸೀಸನ್ ಮುಗೀಲಿ, ಹಾಕ್ಸೋಣ."

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ನಮಗೆ ಟೀ ತರಿಸಿಕೊಟ್ಟ. ಗೋಡೆಯಲ್ಲಿ ಎರಡು ಮಾಸ್ಕ್ ನೇತಾಡುತ್ತಿದ್ದವು. ಒಂದರ ಫಿಲ್ಟರಿನ ಅವಧಿ ಮುಗಿದು ಬಹಳ ದಿನವಾಗಿತ್ತು. ಉಸ್ತಾದರು ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಇವತ್ತು ಬ್ಯಾಡ ಉಸ್ತಾದ್. ಇನ್ನೊಂದು ಮಾಸ್ಕ್ ತಗೊಂಡು ನಾಳೆ ಬರೋಣ," ಅಂದೆ.

"ನಾಳೆ ಅಂದ್ರೆ ಇವ್ರು ಇನ್ಯಾರ್ನೋ ಕರೀತಾರೆ. ಅವ್ನು ಡ್ರಮ್ಮಿಗೆ ನೀರೂ ತುಂಬ್ಸಲ್ಲ. ಬುಡು."

ನಾನು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ.

ಯಂತ್ರ ನಿಲ್ಲಿಸಿ ಅರ್ಧ ಗಂಟೆ ಕಾದು, ಹನ್ನೊಂದರ ಸುಮಾರಿಗೆ ಅವರು ಮಾಸ್ಕ್ ಹಾಕಿಕೊಂಡು ಒಳಗೆ ಹೋದರು. ಪೈಪಿಗೆ ಎರಡು ಏಟು ಕೇಳಿತು, ನಾನು ಬಾಗಿಲು ತಟ್ಟಿದೆ. ಮತ್ತೆ ಎರಡು ಏಟು, ಮತ್ತೆ ತಟ್ಟಿದೆ. ಆಮೇಲೆ ಮಾಸ್ಕಿನೊಳಗಿಂದ ಅವರ ದನಿ ಬಂತು. "ಎಣ್ಣೆ ಗಟ್ಟಿಯಾಗ್ಬುಟ್ಟದೆ. ಇಳೀತಾನೇ ಇಲ್ಲ."

"ಮುಚ್ಚಿ ಬನ್ನಿ ಉಸ್ತಾದ್, ಕಾಯೋಣ."

"ಇನ್ನರ್ಧ ಸುತ್ತು ನೋಡ್ತೀನಿ."

ಇಳಿಯದಿದ್ದರೆ ಮುಚ್ಚಬೇಕು, ಇನ್ನೂ ತೆರೆಯಬಾರದು ಎಂದು ನನಗೆ ಕಲಿಸಿದ್ದು ಅವರೇ. ಒಂದು ಗಂಟೆಯ ಗಡುವು ಅವರ ತಲೆಯಲ್ಲಿತ್ತೋ ಏನೋ.

ಮೊದಲು ಬಕೆಟ್ ಉರುಳಿದ ಸದ್ದು, ಹಿಂದೆಯೇ ಸುಯ್ಯೆಂದು ನುಗ್ಗುವ ಸದ್ದು. ಬಾಗಿಲ ಮೇಲ್ಭಾಗದಿಂದ ಬಿಳಿ ಹೊಗೆ ಹೊರಬಿತ್ತು. ಅಡ್ಡ ಕೂತಿದ್ದ ಎಣ್ಣೆಯ ಗಡ್ಡೆ ಕಿತ್ತು ಬಂದಿತ್ತು, ಅದರ ಹಿಂದಿದ್ದ ಅಮೋನಿಯಾ ಪೂರಾ ತೆರೆದ ವಾಲ್ವಿನಿಂದ ನುಗ್ಗುತ್ತಿತ್ತು.

ನಾನೇನು ಮಾಡಬೇಕು? ಸ್ವಿಚ್ಚಿಗೆ ಆಗಲೇ ಬೀಗ ಬಿದ್ದಿತ್ತು. ಹೊರಗಿನಿಂದ ಮುಚ್ಚಬಹುದಾದ ವಾಲ್ವನ್ನೆಲ್ಲ ಬೆಳಿಗ್ಗೆಯೇ ನನ್ನ ಕೈಯಾರೆ ಮುಚ್ಚಿದ್ದೆ. "ಗಾಳಿಗೆ ಎದುರಾಗಿ ಓಡಿ, ಗೇಟ್ ಕಡೆ," ಎಂದು ಹೆಂಗಸರಿಗೆ ಕೂಗಿದೆ. ಮ್ಯಾನೇಜರ್ ಫೈರ್ ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದ. ನಲ್ಲಿಯ ಪೈಪ್ ಹಿಡಿದು, ಗ್ಯಾಸ್ ಹೀರಲೆಂದು ಬಾಗಿಲ ಹೊಗೆಗೆ ನೀರು ಬಿಟ್ಟೆ. ಎಡಗೈಯಲ್ಲಿ ಬಾಗಿಲು ಬಡಿದೆ. ಒಳಗಿನಿಂದ ಒಂದು ಏಟು ಕೇಳಿತು. ಎರಡನೆಯದು ಕೇಳಲಿಲ್ಲ.

ಹೆಂಗಸರಲ್ಲಿ ವಯಸ್ಸಾದವಳೊಬ್ಬಳು ಗೇಟಿನ ಹತ್ತಿರ ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತುಬಿಟ್ಟಿದ್ದಳು. "ಒಳಿಕ್ಕೋಗಿ ಎಳ್ಕಂಡ್ ಬಾರಪ್ಪ," ಎಂದಳು. "ನಿಂತ್ಕಂಡು ನೋಡ್ತಾ ಇದೀಯಲ್ಲೋ."

ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದೆ. ಎರಡು ಹೆಜ್ಜೆ. ಗಂಟಲು ಮುಚ್ಚಿಕೊಂಡಿತು, ಕಣ್ಣು ತೆರೆಯಲಾಗಲಿಲ್ಲ. ವಾಪಸ್ ಬರೋಣ ಎಂದು ನಾನು ಯೋಚಿಸಲಿಲ್ಲ, ಕಾಲುಗಳೇ ಹೊರಗೆ ತಂದುಹಾಕಿದವು. ಡ್ರಮ್ಮಿನ ಪಕ್ಕ ಕುಕ್ಕರಿಸಿ ಕಾರಿಕೊಂಡೆ. ಎದ್ದು ಮತ್ತೆ ಪೈಪ್ ಹಿಡಿದೆ, ಮತ್ತೆ ಬಾಗಿಲು ಬಡಿದೆ. ಸದ್ದು ಕೇಳಿದರೆ ಬಾಗಿಲು ಎಲ್ಲಿದೆ ಎಂದಾದರೂ ಅವರಿಗೆ ತಿಳಿಯಲಿ ಎಂದು ಬಡಿಯುತ್ತಲೇ ಇದ್ದೆ.

ಐದಾರು ನಿಮಿಷ ಅಷ್ಟೇ ಎಂದು ಮ್ಯಾನೇಜರ್ ಆಮೇಲೆ ಹೇಳಿದ.

ಅವರು ನೆಲಕ್ಕೆ ಎದೆ ಹಚ್ಚಿ ತೆವಳಿಕೊಂಡು ಬಂದರು. ಗ್ಯಾಸ್ ಮೇಲಕ್ಕೆ ಏರುತ್ತದೆ, ಗಾಳಿ ಉಳಿದಿದ್ದರೆ ನೆಲದ ಹತ್ತಿರವೇ. ಮಾಸ್ಕಿನ ಪಟ್ಟಿ ಹರಿದು ಕುತ್ತಿಗೆಯಲ್ಲಿ ಜೋತುಬಿದ್ದಿತ್ತು. ಹೊಸಿಲಿನಿಂದ ಈಚೆಗೆ ಎಳೆದು ಡ್ರಮ್ಮಿನ ಬಳಿ ಮಲಗಿಸಿ ಕಣ್ಣಿಗೆ ನೀರು ಹುಯ್ದೆ. ರೆಪ್ಪೆಗಳು ಬಿಗಿದುಕೊಂಡಿದ್ದವು. ಬೆರಳಿನಿಂದ ಬಲವಂತವಾಗಿ ಬಿಡಿಸಿ ಹುಯ್ದೆ.

"ಬಟ್ಟೆ," ಅಂದರು. "ಬಟ್ಟೆ ಬಿಚ್ಚು."

ಬಟ್ಟೆಯಲ್ಲಿ ನೆಂದ ಅಮೋನಿಯಾ ಮೈ ಸುಡುತ್ತದೆ. ಆ ಹೊತ್ತಿನಲ್ಲೂ ನೆನಪಿದ್ದದ್ದು ಅವರಿಗೆ, ನನಗಲ್ಲ. ಫೈರಿನವರು ಬಂದು ವಾಲ್ವ್ ಮುಚ್ಚಿ, ಆಂಬುಲೆನ್ಸ್ ಬರುವತನಕ ಚೊಂಬಿನ ಮೇಲೆ ಚೊಂಬು ಹುಯ್ಯುತ್ತಲೇ ಇದ್ದೆ.

ಅವರ ಎದೆ ತಿಂಗಳೊಪ್ಪತ್ತಿನಲ್ಲಿ ಸರಿಹೋಯಿತು. ಬಲಗಣ್ಣು ಹೋಯಿತು. ಎಡಗಣ್ಣಿಗೆ ಬೆಳಕು, ನೆರಳು ಮಾತ್ರ ತಿಳಿಯುತ್ತದೆ. ವಾರದೊಳಗೆ ಆ ಟ್ಯಾಂಕಿಗೆ ಹೊಸ ವಾಲ್ವ್ ಬಂತು, ಗೋಡೆಗೆ ನಾಲ್ಕು ಹೊಸ ಮಾಸ್ಕ್ ಬಂದವು. ಉಳಿದ ಎಣ್ಣೆ ಇಳಿಸಲು ನನ್ನನ್ನೇ ಕರೆದರು. ನಾಲ್ಕು ಗಂಟೆ ನಿಲ್ಲಿಸಬೇಕು ಎಂದೆ. ನಿಲ್ಲಿಸಿದರು. ಎಣ್ಣೆ ಸಲೀಸಾಗಿ ಇಳಿಯಿತು. ಹಣ್ಣು ಕಪ್ಪಾಗಲಿಲ್ಲ.

ಗುಬ್ಬಿಗೆ ಅವರನ್ನು ನೋಡಲು ಹೋಗುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ನಡುಮನೆಯ ದಿವಾನದ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

"ನಾನು ಬಾಗ್ಲು ಬಡೀತಾ ಇದ್ದದ್ದು ಕೇಳಿಸ್ತಾ ಉಸ್ತಾದ್?"

"ಇಲ್ಲ ಕಣೋ. ಏನೂ ಕೇಳಿಸ್ಲಿಲ್ಲ. ಗೋಡೆಗೆ ಕೈ ಹಚ್ಕೊಂಡು ಬಂದೆ." ನನ್ನ ದನಿಯ ಕಡೆ ಮುಖ ತಿರುಗಿಸಿದರು. "ನೀನು ಒಳಗೆ ಬಂದ್ಯಂತೆ?"

"ಎರಡೇ ಹೆಜ್ಜೆ."

"ಎರಡೂ ತಪ್ಪು," ಎಂದರು. ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಹೇಳಿರ್ಲಿಲ್ವಾ ನಿಂಗೆ?"

ಅವರ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಟೀ ತಂದು ಸ್ಟೂಲಿನ ಮೇಲಿಟ್ಟು ಬಾಗಿಲಿಗೆ ಒರಗಿ ನಿಂತರು. ಅಷ್ಟು ವರ್ಷದಲ್ಲಿ ಅವರು ನನ್ನೊಡನೆ ಊಟ, ಮಕ್ಕಳು ಬಿಟ್ಟು ಬೇರೆ ಮಾತಾಡಿದ್ದಿಲ್ಲ.

"ನೀನು ಒಳಗೆ ಬಿದ್ದಿದ್ರೆ ಇವ್ರು ಬರ್ತಿದ್ರಪ್ಪ," ಎಂದರು. ಜರೆಯುವ ದನಿಯಲ್ಲ ಅದು. ಗೊತ್ತಿದ್ದದ್ದನ್ನು ಹೇಳಿದರು, ಅಷ್ಟೇ.

ಉಸ್ತಾದರು ಇಲ್ಲ ಅನ್ನುತ್ತಾರೆಂದು ನಾನು ಕಾದೆ. ಅವರು ಸ್ಟೂಲಿನ ಮೇಲೆ ಲೋಟಕ್ಕಾಗಿ ತಡಕಾಡುತ್ತಿದ್ದರು. ಲೋಟವನ್ನು ಅವರ ಬೆರಳ ಹತ್ತಿರ ಸರಿಸಿದೆ. ಟೀ ಬಿಸಿಯಾಗಿತ್ತು, ಅವರು ಊದಿ ಊದಿ ಕುಡಿದರು. ಭಾಬಿ ನನಗೂ ಕುಡಿ ಎಂದರು.